ಹದಿನೇಳನೆಯ ಕುಪ್ಪಿಯ ಹರಳು

ವಾಮದಪದವು
ಜುಲೈ 3, 2024

ಜ್ಯೋತ್ಸ್ನಾ ಅವರಿಗೆ,

ನಾನು ನಿತೇಶನ ತಂಗಿ ದೀಪಶ್ರೀ. ನೀವು ಮುಂಬಯಿಯಿಂದ ಕಳುಹಿಸಿದ ಪೆಟ್ಟಿಗೆ ಮೊನ್ನೆ ತಲುಪಿತು. ಅಣ್ಣ ತೀರಿಕೊಂಡ ಹತ್ತನೆಯ ತಿಂಗಳಿಗೆ ಅವನ ಎರಡು ಸ್ವೆಟರ್, ಕನ್ನಡಕ, ಸ್ಟೀಲಿನ ಟಿಫಿನ್ ಡಬ್ಬಿ ಮನೆಗೆ ಬಂದವು. ಡಬ್ಬಿಯನ್ನು ತೊಳೆದು, ಒಣಗಿಸಿ, ವಾಸನೆ ಬರಬಾರದೆಂದು ಒಳಗೆ ಕಾಗದ ಮಡಚಿ ಇಟ್ಟಿದ್ದರು. ಅಮ್ಮ ಅದನ್ನು ತೆರೆದು, "ಯಾರು ತೊಳೆದದ್ದೋ, ಚಂದ ತೊಳೆದಿದ್ದಾರೆ" ಎಂದರು. ನೀವೇ ಇರಬಹುದೆಂದು ನನಗನಿಸಿತು. ಅಮ್ಮನಿಗೆ ಹೇಳಲಿಲ್ಲ.

ಪೆಟ್ಟಿಗೆಯ ಮೇಲೆ ನಿಮ್ಮ ಫೋನ್ ನಂಬರು ಇತ್ತು. ಆದರೆ ಫೋನಿನಲ್ಲಿ ಮಾತಾಡುವುದು ನನ್ನಿಂದಾಗುವುದಿಲ್ಲ. ಆಚೆಯವರು ಒಂದು ಕ್ಷಣ ಸುಮ್ಮನಾದರೂ ನಾನೇನೋ ತಪ್ಪು ಹೇಳಿದೆನೆಂದು ಅನಿಸುತ್ತದೆ. ಅಣ್ಣನಿಗೂ ನಾನು ಪತ್ರವನ್ನೇ ಬರೆಯುತ್ತಿದ್ದೆ.

ಒಂದು ಉಪಕಾರ ಬೇಕಿತ್ತು. ನಮ್ಮ ಊರಿನ ಯುವಕ ಮಂಡಲಕ್ಕೆ ಜನವರಿಯಲ್ಲಿ ಇಪ್ಪತ್ತೈದು ವರ್ಷ ತುಂಬುತ್ತದೆ. ಆಗ ಅಣ್ಣನಿಗೆ ಮರಣೋತ್ತರ ಸನ್ಮಾನ ಮಾಡುತ್ತಾರಂತೆ. ಸ್ಮರಣ ಸಂಚಿಕೆಯಲ್ಲಿ ಅವನ ಕೆಲಸದ ಬಗ್ಗೆ ಒಂದು ಪುಟ ಬೇಕಂತೆ. ನಾನು ಕನ್ನಡ ಎಂ.ಎ. ಮಾಡಿದವಳು, ಮೂಡುಬಿದಿರೆಯಲ್ಲಿ ಮೊಯ್ದೀನ್ ಕಾಕನ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತೇನೆ. ಮದುವೆ ಕಾಗದ, ಉತ್ತರಕ್ರಿಯೆಯ ಕಾಗದ, ಇಂಥವು. ಆದ್ದರಿಂದ ಬರೆಯುವ ಕೆಲಸ ನನಗೇ ಬಂತು. ಆದರೆ ಅಣ್ಣ ಏನು ಮಾಡುತ್ತಿದ್ದನೆಂದು ನನಗೆ ಗೊತ್ತಿಲ್ಲ. ಅಪ್ಪ ಕೇಳಿದವರಿಗೆಲ್ಲ "ಹರಳು ಬೆಳೆಸ್ತಿದ್ದ" ಎನ್ನುತ್ತಾರೆ. ಜನ ಉಂಗುರಕ್ಕೆ ಹಾಕುವ ಹರಳೆಂದು ತಿಳಿದು, "ಹಾಗಾದ್ರೆ ನಿಮಗೆ ಬಿಡಿ ರುಕ್ಮಯ್ಯಣ್ಣ, ತೊಂದರೆ ಇಲ್ಲ" ಎಂದು ನಗುತ್ತಾರೆ.

ನನಗೆ ಅರ್ಥವಾಗುವ ಹಾಗೆ ಬರೆಯುವಿರಾ?

ದೀಪಶ್ರೀ

*

ಮುಂಬಯಿ
ಜುಲೈ 21, 2024

ದೀಪಾ,

ನಿತೇಶ್ ನಿನ್ನನ್ನು ಹಾಗೇ ಕರೆಯುತ್ತಿದ್ದುದರಿಂದ ನನಗೂ ಬೇರೆ ಹೆಸರು ಬರುವುದಿಲ್ಲ. ಊರಿಂದ ನಿನ್ನ ಪತ್ರ ಬಂದಾಗಲೆಲ್ಲ ಅವನು ಲ್ಯಾಬಿನ ಬಾಗಿಲಲ್ಲಿ ನಿಂತೇ ಓದುತ್ತಿದ್ದ. ಅಯಸ್ಕಾಂತದ ಕೋಣೆಗೆ ಫೋನ್ ಒಯ್ಯುವಂತಿಲ್ಲ. ಪತ್ರ ಒಯ್ಯಬಹುದು.

ನಾನೂ ಅದೇ ಲ್ಯಾಬಿನ ವಿದ್ಯಾರ್ಥಿನಿ, ಊರು ಬಂಟ್ವಾಳ. ಅಪ್ಪ ಇಲ್ಲಿ ಮುಂಬಯಿಯಲ್ಲಿ ಹೋಟೆಲು ನಡೆಸುತ್ತಾರೆ. ನಿಮ್ಮ ಮನೆಗೆ ಬಂಟ್ವಾಳದಿಂದ ಒಂದು ಗಂಟೆಯ ದಾರಿಯೂ ಇಲ್ಲ. ಬರಬೇಕೆಂದು ಒಮ್ಮೆ ಮಾತಾಗಿತ್ತು.

ಈಗ ಕೆಲಸದ ವಿಷಯ. ಕೆಲವು ಲೋಹಗಳನ್ನು ಅತಿ ತಣ್ಣಗೆ ಮಾಡಿದರೆ ಅವುಗಳಲ್ಲಿ ವಿದ್ಯುತ್ತು ಯಾವ ಅಡ್ಡಿಯೂ ಇಲ್ಲದೆ ಹರಿಯುತ್ತದೆ. ಅವುಗಳಿಗೆ ಅತಿವಾಹಕಗಳೆಂದು ಹೆಸರು. ಆ ಸ್ಥಿತಿಯಲ್ಲಿ ಇಲೆಕ್ಟ್ರಾನುಗಳು ಜೋಡಿಯಾಗುತ್ತವೆ. ಸಾಮಾನ್ಯ ಲೋಹಗಳಲ್ಲಿ ಯಾಕೆ ಜೋಡಿಯಾಗುತ್ತವೆಂದು ಗೊತ್ತಿದೆ. ನಿತೇಶ್ ಬೆಳೆಸುತ್ತಿದ್ದ ಜಾತಿಯ ಹರಳುಗಳಲ್ಲಿ ಆ ವಿವರಣೆ ಹೊಂದುವುದಿಲ್ಲ. ಅಲ್ಲಿ ಇಲೆಕ್ಟ್ರಾನುಗಳು ಏನು ಮಾಡುತ್ತವೆಂದು ತಿಳಿಯಬೇಕು. ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಹರಳನ್ನು ಬಲವಾದ ಅಯಸ್ಕಾಂತದೊಳಗೆ ಇಡುತ್ತೇವೆ. ಇಲೆಕ್ಟ್ರಾನುಗಳು ವೃತ್ತದಲ್ಲಿ ಸುತ್ತತೊಡಗುತ್ತವೆ. ಅಯಸ್ಕಾಂತದ ಬಲ ಹೆಚ್ಚಿಸುತ್ತ ಹೋದಂತೆ ಹರಳಿನ ಗುಣ ಏರಿ ಇಳಿದು, ಏರಿ ಇಳಿದು, ಪರದೆಯ ಮೇಲೆ ಅಲೆಯಾಗಿ ಕಾಣುತ್ತದೆ. ಇದನ್ನೇ ಕ್ವಾಂಟಂ ಆಂದೋಲನ ಎನ್ನುತ್ತೇವೆ. ಅಲೆಗಳು ಎಷ್ಟು ಒತ್ತೊತ್ತಾಗಿವೆ ಎಂಬುದರಿಂದ ಆ ಸುತ್ತಿನ ಅಳತೆ ಸಿಗುತ್ತದೆ. ಹರಳನ್ನು ಸ್ವಲ್ಪ ಬೆಚ್ಚಗೆ ಮಾಡಿದಾಗ ಅಲೆ ಎಷ್ಟು ಬೇಗ ಅಳಿಸಿಹೋಗುತ್ತದೆ ಎಂಬುದರಿಂದ ಇಲೆಕ್ಟ್ರಾನಿನ ಭಾರ ತಿಳಿಯುತ್ತದೆ. ಭಾರ ಇದ್ದಷ್ಟೂ ಬೇಗ ಅಳಿಯುತ್ತದೆ.

ಈ ಹರಳುಗಳಲ್ಲಿ ಇಲೆಕ್ಟ್ರಾನು ಇರಬೇಕಾದ್ದಕ್ಕಿಂತ ನೂರು ಪಟ್ಟು ಭಾರವಾಗಿ ನಡೆದುಕೊಳ್ಳುತ್ತದೆ. ಸೋಮವಾರ ಬೆಳಿಗ್ಗೆ ಬಿ.ಸಿ. ರೋಡ್ ಬಸ್‌ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ಈಚೆಯಿಂದ ಆಚೆಗೆ ದಾಟುವವಳನ್ನು ನೆನೆದುಕೊ. ಅವಳ ಭಾರ ಅವಳದ್ದಲ್ಲ, ಸುತ್ತಲಿನ ಜನರದ್ದು.

ನಿತೇಶ್ ಆರು ವರ್ಷಗಳಲ್ಲಿ ಹದಿನೇಳು ಸಲ ಹರಳು ಬೆಳೆಸಿದ. ಹದಿನೇಳು ಕುಪ್ಪಿಗಳಲ್ಲಿ ಇಟ್ಟು ಹೋಗಿದ್ದಾನೆ. ಕೊನೆಯ ಕುಪ್ಪಿಯ ಹರಳಿನಲ್ಲಿ ಒಂದು ಅಲೆ ಬೆಚ್ಚಗಾದರೂ ಅಳಿಯುವುದಿಲ್ಲ. ಅಂದರೆ ಆ ಗದ್ದಲದ ನಡುವೆ ಯಾರನ್ನೂ ತಾಗದೆ, ಯಾರ ಜೊತೆಗೂ ಸೇರದೆ ಹಗುರಾಗಿ ಓಡಾಡುವ ಕೆಲವು ಇಲೆಕ್ಟ್ರಾನುಗಳಿವೆ. ಇದನ್ನು ಈ ಮೊದಲು ಯಾರೂ ಕಂಡಿಲ್ಲ. ಅವನೇ ಕಾಣಲಿಲ್ಲ. ಅವನು ಹೋದ ನಂತರ ನಾನು ಅಳೆದದ್ದು.

ಪ್ರಬಂಧ ಬರೆಯುತ್ತಿದ್ದೇನೆ. ಅವನ ಹೆಸರು ಮೊದಲು ಇರುತ್ತದೆ.

ಜ್ಯೋತ್ಸ್ನಾ

*

ವಾಮದಪದವು
ಸೆಪ್ಟೆಂಬರ್ 8, 2024

ಪ್ರೀತಿಯ ಜ್ಯೋತ್ಸ್ನಕ್ಕ,

ಅಣ್ಣನ ವರ್ಷಾಂತ ಮುಗಿಯಿತು. ಬಂದವರೆಲ್ಲ ಊಟ ಮಾಡಿ, ಅವನನ್ನು ಒಯ್ದ ಡೆಂಗೆ ಜ್ವರದ ಬಗ್ಗೆ ಮಾತಾಡಿ ಹೋದರು. ಯಾರ ಯಾರ ಮನೆಯಲ್ಲಿ ಯಾರಿಗೆ ಬಂದು ವಾಸಿಯಾಯಿತೆಂದು ಹೇಳಿದರು. ಅಮ್ಮ ಎಲ್ಲರಿಗೂ "ಹೌದಾ" ಎಂದರು.

ಪುಟ ಬರೆದಿದ್ದೇನೆ. ಯಾರ ಜೊತೆಗೂ ಸೇರದೆ ಹಗುರಾಗಿ ಓಡಾಡುವ ಇಲೆಕ್ಟ್ರಾನು ಎಂಬ ಸಾಲನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ಅದನ್ನು ಓದಿದಾಗ ಅಣ್ಣ ಮದುವೆ ಮನೆಗಳಲ್ಲಿ ಕೊನೆಯ ಪಂಕ್ತಿಗೆ ಕೂತು, ಎಲೆ ಮಡಚಿ, ಯಾರಿಗೂ ಹೇಳದೆ ಎದ್ದು ಹೋಗುತ್ತಿದ್ದದ್ದು ಕಣ್ಣ ಮುಂದೆ ಬಂತು. ನಾನೂ ಹಾಗೆಯೇ. ಲೋಕದಲ್ಲಿ ಹಾಗಿರುವುದೂ ಒಂದು ರೀತಿ ಎಂದು ಒಂದು ಹರಳು ಸಾಕ್ಷಿ ಹೇಳುತ್ತದಲ್ಲ ಎಂದು ಖುಷಿಯಾಯಿತು. ವಿಜ್ಞಾನವನ್ನು ಹೀಗೆ ಓದಬಾರದೋ ಏನೋ.

ಮೊಯ್ದೀನ್ ಕಾಕ ಪುಟ ಓದಿ ತುಂಬಾ ಹೊತ್ತು ಕನ್ನಡಕ ಒರೆಸಿದರು. ಮತ್ತೆ, "ಎಂತ ಮಾರಾಯ್ತಿ, ನೀನು ಇಲ್ಲಿ ಮದುವೆ ಕಾಗದದಲ್ಲಿ ಅಜ್ಜಂದಿರ ಹೆಸರು ತಿದ್ದಿಕೊಂಡು ಕೂತಿದ್ದೀಯಲ್ಲ" ಎಂದರು. ಸಂಚಿಕೆ ಅಚ್ಚಾಗುವುದು ಅವರಲ್ಲೇ, ಕಾಗದದ ಲೆಕ್ಕಕ್ಕೆ ನಾಲ್ಕು ಸಾಲು ಕಡಿಮೆ ಮಾಡಲು ಹೇಳಿದವರು ಅವರೇ.

ಅಣ್ಣನ ಹಳೆಯ ಫೋನಿನಲ್ಲಿ ಒಂದು ಫೋಟೋ ಉಂಟು. ಸಮುದ್ರದ ಕಟ್ಟೆಯ ಮೇಲೆ ಅವನು, ಪಕ್ಕದಲ್ಲಿ ಅರ್ಧ ಕತ್ತರಿಸಿಹೋದ ಯಾರದೋ ಭುಜ, ನೀಲಿ ದುಪಟ್ಟಾ. ಸಂಚಿಕೆಗೆ ಆ ಫೋಟೋ ಹಾಕಬಹುದೇ? ಬೇಡವೆಂದರೆ ಬೇಡ.

ನಿಮ್ಮ
ದೀಪಾ

*

ಮುಂಬಯಿ
ನವೆಂಬರ್ 5, 2024

ದೀಪಾ,

ಆ ಫೋಟೋ ಬೇಡ. ಐಡಿ ಕಾರ್ಡಿನದ್ದು ಕಳುಹಿಸಿದ್ದೇನೆ, ಅದನ್ನು ಹಾಕು.

ಪ್ರಬಂಧವನ್ನು ಒಂದು ವಿಜ್ಞಾನ ಪತ್ರಿಕೆಗೆ ಕಳುಹಿಸಿಯಾಗಿದೆ. ಒಬ್ಬ ಪರಿಶೀಲಕರು ಮೆಚ್ಚಿದ್ದಾರೆ. ಇನ್ನೊಬ್ಬರು ಒಂದು ಪ್ರಶ್ನೆ ಕೇಳಿದ್ದಾರೆ. ಹರಳನ್ನು ಅಯಸ್ಕಾಂತದೊಳಗೆ ಬೇರೆ ಬೇರೆ ಕೋನಕ್ಕೆ ತಿರುಗಿಸಿ ನೋಡಿದ್ದೀರಾ ಎಂದು. ಇಲ್ಲಿನ ಅಯಸ್ಕಾಂತದಲ್ಲಿ ಅದು ಸಾಧ್ಯವಿಲ್ಲ. ಜರ್ಮನಿಯ ಒಂದು ಪ್ರಯೋಗಾಲಯದಲ್ಲಿ ಫೆಬ್ರವರಿಯಲ್ಲಿ ಎರಡು ವಾರ ಸಿಕ್ಕಿದೆ. ಹೋಗಿ ಬರುತ್ತೇನೆ. ಮಾರ್ಚ್ ಹತ್ತರೊಳಗೆ ಉತ್ತರ ಕೊಟ್ಟರಾಯಿತು.

ನಮ್ಮ ಗೈಡ್ ವಿಶ್ವವಿದ್ಯಾಲಯದಲ್ಲಿ ಮಾತಾಡಿದ್ದಾರೆ. ಪ್ರಬಂಧ ಪ್ರಕಟವಾದರೆ ಅದರ ಆಧಾರದ ಮೇಲೆ ನಿತೇಶನಿಗೆ ಪಿಎಚ್.ಡಿ. ಕೊಡಲು ನಿಯಮದಲ್ಲಿ ದಾರಿ ಇದೆಯಂತೆ. ಪ್ರಕಟವಾಗದಿದ್ದರೆ ಇಲ್ಲ. ಘಟಿಕೋತ್ಸವಕ್ಕೆ ತಂದೆಯವರು ಬರಬಹುದೇ ಎಂದು ಕೇಳಿದರು. ಬರುತ್ತಾರೆ ಎಂದುಬಿಟ್ಟೆ. ಕೇಳದೆ ಹೇಳಿದ್ದಕ್ಕೆ ಕ್ಷಮಿಸು.

ಜ್ಯೋತ್ಸ್ನಾ

*

ವಾಮದಪದವು
ಜನವರಿ 20, 2025

ಪ್ರೀತಿಯ ಜ್ಯೋತ್ಸ್ನಕ್ಕ,

ಸನ್ಮಾನ ಆಯಿತು. ಶಾಲೆಯ ಮೈದಾನದಲ್ಲಿ ಶಾಮಿಯಾನ. ಅಪ್ಪನನ್ನು ವೇದಿಕೆಯ ಮಧ್ಯದ ಕುರ್ಚಿಯಲ್ಲಿ ಕೂರಿಸಿದರು. ಅಪ್ಪ ಕೊನೆಯವರೆಗೂ ಬೆನ್ನು ತಾಗಿಸದೆ ಕುರ್ಚಿಯ ತುದಿಯಲ್ಲಿ ಕೂತಿದ್ದರು. ನಾನು ಬರೆದ ಪುಟವನ್ನು ಪ್ರಾಪ್ತಿ ಎಂಬ ಹೈಸ್ಕೂಲು ಹುಡುಗಿ ಓದಿದಳು. 'ಅತಿವಾಹಕ' ಎಂಬಲ್ಲಿ ಸ್ವಲ್ಪ ನಿಂತಳು. ಮೈಕಿನಲ್ಲಿ ಅಣ್ಣನ ಹೆಸರು ಗುಡ್ಡಕ್ಕೆ ತಾಗಿ ಇನ್ನೊಮ್ಮೆ ಕೇಳಿತು.

ಶಾಲು ಹೊದೆಸಿದ ಮೇಲೆ ಅಪ್ಪನಿಗೆ ಎರಡು ಮಾತಾಡಲು ಹೇಳಿದರು. ಅಪ್ಪ ಎದ್ದು, "ಅವ ಹೊಸತು ಎಂತದೋ ಒಂದು ಕಂಡುಹಿಡಿದಿದ್ದಾನಂತೆ. ನನಗೆ ಗೊತ್ತಾಗುವುದಿಲ್ಲ. ನಿಮಗೆಲ್ಲ ಒಳ್ಳೆಯದಾಗಲಿ" ಎಂದು ಕೂತರು.

ಆಮೇಲಿಂದ ಅವರು ಬದಲಾಗಿದ್ದಾರೆ. ಒಂದು ವರ್ಷದಿಂದ ಮೂಲೆಯಲ್ಲಿ ಬಿದ್ದಿದ್ದ ರಬ್ಬರ್ ಮರ ಗೀರುವ ಕತ್ತಿಯನ್ನು ಮಸೆದು ಹಾಲು ತೆಗೆಯಲು ತಾವೇ ಟ್ಯಾಪಿಂಗಿಗೆ ಹೋಗತೊಡಗಿದ್ದಾರೆ. ಬೆಳ್ತಂಗಡಿಗೆ ಹೋಗಿ ಸನ್ಮಾನಪತ್ರಕ್ಕೆ ಕಟ್ಟು ಹಾಕಿಸಿ ತಂದರು. ನಿನ್ನೆ ಅಮ್ಮನ ಹತ್ತಿರ, ಮುಂಬಯಿಗೆ ಹೋಗಲಿಕ್ಕೆ ಪಂಚೆ ಸಾಕಾ, ಪ್ಯಾಂಟೇ ಬೇಕಾ ಎಂದು ಕೇಳುತ್ತಿದ್ದರು. ಅಮ್ಮ ವರ್ಷದಲ್ಲಿ ಮೊದಲ ಸಲ ನಕ್ಕು, "ನೀವು ಪ್ಯಾಂಟು ಹಾಕಿದ್ರೆ ಅವರು ಒಳಗೆ ಬಿಡ್ಲಿಕ್ಕಿಲ್ಲ" ಎಂದರು.

ಇದೆಲ್ಲ ನಿಮ್ಮಿಂದ.

ನಿಮ್ಮ
ದೀಪಾ

*

ಜರ್ಮನಿಯಿಂದ
ಫೆಬ್ರವರಿ 9, 2025

ದೀಪಾ,

ಇದನ್ನು ಒಬ್ಬಳೇ ಇರುವಾಗ ಓದು. ಓದಿ ಫೋನ್ ಮಾಡಬೇಡ. ನೀನು ಮಾಡುವವಳಲ್ಲ, ಆದರೂ ಬರೆದಿದ್ದೇನೆ.

ಹರಳನ್ನು ತಿರುಗಿಸಿ ನೋಡಿದೆ. ಅದು ಪದರ ಪದರವಾಗಿ ಬೆಳೆದ ಹರಳು. ಅಲೆ ಅದರದ್ದೇ ಆಗಿದ್ದರೆ ಕೋನ ಬದಲಾದಂತೆ ಅಲೆಯೂ ಆ ಪದರಗಳ ಲೆಕ್ಕಕ್ಕೆ ಸರಿಯಾಗಿ ಬದಲಾಗಬೇಕು. ಬದಲಾಗಲಿಲ್ಲ. ಅದು ತನ್ನ ಪಾಡಿಗೆ ಬೇರೆ ಯಾವುದೋ ದಿಕ್ಕನ್ನು ಹಿಡಿದುಕೊಂಡಿತ್ತು. ಎರಡು ದಿನ ಮತ್ತೆ ಮತ್ತೆ ಅಳೆದೆ. ಮೂರನೆಯ ದಿನ ಇಲ್ಲಿನ ಲೈಬ್ರರಿಯಲ್ಲಿ ಐವತ್ತು ವರ್ಷ ಹಿಂದಿನ ಒಂದು ಪಟ್ಟಿ ತೆಗೆದು ನೋಡಿದೆ. ನಮ್ಮ ಅಲೆಯ ಅಳತೆ ಅಲ್ಲಿತ್ತು. ಇಂಡಿಯಂ ಎಂಬ ಮೆತ್ತಗಿನ ಲೋಹದ ಹೆಸರಿನ ಎದುರು.

ಇಂಡಿಯಂ ಎಂದರೇನೆಂದು ಹೇಳಬೇಕು. ನಿತೇಶ್ ಹರಳು ಬೆಳೆಸುತ್ತಿದ್ದದ್ದು ಕರಗಿದ ಇಂಡಿಯಂನಲ್ಲಿ. ಕುಲುಮೆಯನ್ನು ಮೂರು ವಾರ ಮೆಲ್ಲಗೆ ತಣಿಸಿದರೆ ಹರಳು ಶುದ್ಧವಾಗಿ ಬೆಳೆಯುತ್ತದೆ. ಉಳಿದ ಇಂಡಿಯಂ ಕರಗಿಯೇ ಇರುವಾಗ ಕೊಳವೆಯನ್ನು ಗರಗರನೆ ತಿರುಗಿಸಿ ಅದನ್ನು ಹೊರಹಾಕುತ್ತಾರೆ. ಬೇಗ ತಣಿಸಿದರೆ ಬೆಳೆಯುವ ಅವಸರದಲ್ಲಿ ಹರಳು ಒಂದೆರಡು ಹನಿಯನ್ನು ಒಳಗೇ ಮುಚ್ಚಿಕೊಂಡುಬಿಡುತ್ತದೆ.

ನಿನ್ನೆ ಹರಳನ್ನು ಕತ್ತರಿಸಿದೆ. ಸೂಕ್ಷ್ಮದರ್ಶಕದ ಕೆಳಗೆ ಒಳಗಡೆ ಒಂದು ಬಿಳಿ ಹನಿ. ಸಾಸಿವೆಯ ಹತ್ತರಲ್ಲೊಂದು ಪಾಲೂ ಇಲ್ಲ. ನಾನು ಎಂಟು ತಿಂಗಳು ಕೇಳಿದ್ದು ಅದರ ಸದ್ದು. ಯಾರ ಜೊತೆಗೂ ಸೇರದ ಹಗುರ ಇಲೆಕ್ಟ್ರಾನುಗಳೆಂದು ನಿನಗೆ ಬರೆದೆನಲ್ಲ, ಅಂಥವು ಇಲ್ಲ. ಇದ್ದದ್ದು ಕಸ.

ಮೊದಲೇ ಕತ್ತರಿಸಿ ನೋಡಬೇಕಿತ್ತು. ಈ ಕೆಲಸ ಮಾಡುವ ಯಾರಾದರೂ ಮಾಡುವ ಮೊದಲ ಪರೀಕ್ಷೆ ಅದು. ಬೇರೆಯವರ ಹರಳಾಗಿದ್ದರೆ ನಾನೂ ಮಾಡುತ್ತಿದ್ದೆ. ಇದು ಅವನು ಮಾಡಿದ ಕೊನೆಯದ್ದು. ಕತ್ತರಿಸಲು ಕೈ ಬರಲಿಲ್ಲ. ಇಷ್ಟೇ ಕಾರಣ. ಇದನ್ನು ಯಾವ ಪತ್ರಿಕೆಗೂ ಬರೆಯುವಂತಿಲ್ಲ.

ಒಂದು ವಿಷಯ ಕೇಳಬೇಕು. ಕುಲುಮೆಯ ದಾಖಲೆ ತರಿಸಿ ನೋಡಿದೆ. ಮಾರ್ಚ್ 2023ರಲ್ಲಿ ಈ ಹರಳನ್ನು ಒಂಬತ್ತು ದಿನಗಳಲ್ಲಿ ತಣಿಸಿದ್ದಾನೆ. ಉಳಿದ ಹದಿನಾರು ಸಲವೂ ಮೂರು ವಾರ. ಅವಸರ ಮಾಡುವವನಲ್ಲ ಅವನು. ಆ ತಿಂಗಳು ಊರಿಗೆ ಹೋಗಿದ್ದ. ಯಾಕೆಂದು ನಿನಗೆ ಗೊತ್ತೇ?

ಇದು ಇನ್ನೂ ಯಾರಿಗೂ ಗೊತ್ತಿಲ್ಲ. ಗೈಡಿಗೂ ಹೇಳಿಲ್ಲ. ಕೋನದ ಅಳತೆ ಸ್ಪಷ್ಟವಾಗಿ ಬರಲಿಲ್ಲ ಎಂದು ಒಂದು ಸಾಲು ಬರೆದರೆ ಪ್ರಬಂಧ ಬಹುಶಃ ದಾಟಿಹೋಗುತ್ತದೆ. ಇನ್ಯಾರೋ ತಪ್ಪು ಹಿಡಿಯಲು ನಾಲ್ಕೈದು ವರ್ಷ ಬೇಕು. ಅಷ್ಟರಲ್ಲಿ ಅವನ ಪಿಎಚ್.ಡಿ. ಆಗಿರುತ್ತದೆ. ನಿಜ ಹೇಳಿದರೆ ಅದಿಲ್ಲ.

ಇಪ್ಪತ್ತೈದಕ್ಕೆ ಮುಂಬಯಿಗೆ ಬರುತ್ತೇನೆ. ಅಲ್ಲಿಗೆ ಬರೆ. ನೀನು ಏನು ಹೇಳುತ್ತೀ?

ಜ್ಯೋತ್ಸ್ನಾ

*

ಮೂಡುಬಿದಿರೆ
ಫೆಬ್ರವರಿ 27, 2025

ಜ್ಯೋತ್ಸ್ನಕ್ಕ,

ಪ್ರೆಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಬರೆಯಲು ಆಗಲಿಲ್ಲ. ತೋಡಾರಿನ ಒಂದು ಮದುವೆ ಕಾಗದ ಮುಂದಿದೆ. ಮೂರು ಸಲ ಓದಿದರೂ ಮದುಮಗಳ ಹೆಸರು ತಲೆಗೆ ಹೋಗಲಿಲ್ಲ.

ಕಳುಹಿಸಿಬಿಡಿ. ಆ ಒಂದು ಸಾಲು ಬರೆದು ಕಳುಹಿಸಿಬಿಡಿ.

ಇದರಿಂದ ಯಾರಿಗೆ ಏನು ಹಾಳಾಗುತ್ತದೆ? ಯಾರಿಗೂ ಮದ್ದು ತಪ್ಪುವುದಿಲ್ಲ, ಯಾವ ಸೇತುವೆಯೂ ಬೀಳುವುದಿಲ್ಲ. ನಾಲ್ಕು ವರ್ಷ ಕಳೆದು ಯಾರೋ ತಪ್ಪೆಂದು ಹೇಳಿದರೆ ಹೇಳಲಿ. ಅಷ್ಟರೊಳಗೆ ಅಪ್ಪ ಮುಂಬಯಿಗೆ ಹೋಗಿ ಬಂದಿರುತ್ತಾರೆ. ಮೊನ್ನೆ ವಿಟ್ಲದ ಅಂಗಡಿಯಲ್ಲಿ ಯಾರೋ "ಡಾಕ್ಟರ್ ನಿತೇಶರ ತಂದೆಯಾ?" ಎಂದು ಕೇಳಿದರಂತೆ. ಅಪ್ಪ ಮನೆಗೆ ಬಂದು ಅದನ್ನು ಎರಡು ಸಲ ಹೇಳಿದರು.

ನಾನು ಓದಿದವಳು, ಇದು ಸರಿಯಲ್ಲವೆಂದು ನನಗೆ ಗೊತ್ತುಂಟು. ಆದರೂ ಕೇಳುತ್ತಿದ್ದೇನೆ.

ಮಾರ್ಚಿನ ವಿಷಯ ನನಗೆ ಗೊತ್ತಿಲ್ಲ.

ದೀಪಾ

*

ಮುಂಬಯಿ
ಫೆಬ್ರವರಿ 26, 2025

ದೀಪಾ,

ನಿನ್ನ ಉತ್ತರಕ್ಕೆ ಕಾಯಲಿಲ್ಲ. ನಿನ್ನೆ ಬಂದಿಳಿದವಳೇ ಗೈಡಿನ ಕೋಣೆಗೆ ಹೋಗಿ ಹನಿಯ ಚಿತ್ರ ತೋರಿಸಿದೆ. ಅವರು ತುಂಬಾ ಹೊತ್ತು ನೋಡಿದರು. ಬಾಗಿಲು ಹಾಕಿಕೊಂಡು ಹೋಗು ಎಂದರು. ಇಂದು ಬೆಳಿಗ್ಗೆ ಪ್ರಬಂಧವನ್ನು ಹಿಂತೆಗೆದುಕೊಂಡೆವು. ತಪ್ಪು ಅಳೆದವಳದ್ದು ಎಂದು ಬರೆದಿದ್ದೇನೆ. ಬೆಳೆಸಿದವನ ಹೆಸರು ಅಲ್ಲಿಲ್ಲ.

ನಿನ್ನನ್ನು ಕೇಳಿದ್ದೇ ತಪ್ಪು. ಕೇಳುವ ಮೊದಲೇ ನೀನು ಏನು ಹೇಳುತ್ತೀಯೆಂದು ಗೊತ್ತಿತ್ತು. ನಿತೇಶ್ ಹೇಳುತ್ತಿದ್ದ, ಪರೀಕ್ಷೆಯಲ್ಲಿ ಒಂದು ಅಂಕ ಹೆಚ್ಚು ಬಂತೆಂದು ಮೇಷ್ಟ್ರಿಗೆ ಹೇಳಿ ಕಡಿಮೆ ಮಾಡಿಸಿಕೊಂಡವಳು ನೀನಂತೆ. ಸುಳ್ಳು ಹೇಳು ಎಂದು ಹೇಳುವವಳಲ್ಲ. ಅಲ್ಲಿ ಅಯಸ್ಕಾಂತದ ಕೋಣೆಯಲ್ಲಿ ಒಬ್ಬಳೇ ಕೂತಾಗ ನನಗೆ ಹಿಡಿದುಕೊಳ್ಳಲು ಸಿಕ್ಕಿದ್ದು ಅದೊಂದೇ.

ಮಾರ್ಚಿನ ಬಗ್ಗೆ ಕೇಳಿದ್ದೆ. ಉತ್ತರ ಬೇಡ, ನನಗೇ ಗೊತ್ತಿದೆ. ಆ ತಿಂಗಳ ಮೊದಲ ವಾರ ನಾವು ಜಗಳವಾಡಿದ್ದೆವು. ನಮ್ಮಿಬ್ಬರ ಮದುವೆ ನಮ್ಮ ಮನೆಯಲ್ಲಿ ಯಾವತ್ತೂ ನಡೆಯುವುದಿಲ್ಲ, ಕಾಯುವುದು ಬೇಡ ಎಂದು ನಾನು ಹೇಳಿದ್ದೆ. ಅವನು ಎದ್ದು ಕುಲುಮೆಯ ಹತ್ತಿರ ಹೋದ. ಆಮೇಲೆ ಹತ್ತೇ ದಿನಕ್ಕೆ ಊರಿಗೆ ಹೊರಟ. ನನ್ನ ಮುಖ ನೋಡಲಾಗದೆ ಅವಸರ ಮಾಡಿದ್ದಾನೆ. ಆ ಹನಿ ಒಳಗೆ ಹೋದದ್ದು ನನ್ನಿಂದ.

ತಂದೆಯವರಿಗೆ ಹೇಗೆ ಹೇಳುತ್ತೀಯೋ ನನಗೆ ತಿಳಿಯದು.

ಜ್ಯೋತ್ಸ್ನಾ

*

ವಾಮದಪದವು
ಮಾರ್ಚ್ 20, 2025

ಜ್ಯೋತ್ಸ್ನಕ್ಕ,

ನಮ್ಮ ಎರಡು ಪತ್ರಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋದವು. ನನ್ನದನ್ನು ನೀವು ಈಗಾಗಲೇ ಓದಿರುತ್ತೀರಿ. ನಾನು ಎಂಥವಳೆಂದು ಈಗ ನಿಮಗೆ ಗೊತ್ತಾಗಿದೆ. ಇಷ್ಟು ದಿನ ಬರೆಯದೆ ಇದ್ದದ್ದು ಅದಕ್ಕೇ.

ಆ ಪತ್ರದ ಕೊನೆಯ ಸಾಲು ಸುಳ್ಳು. ಅಣ್ಣನನ್ನು ಮಾರ್ಚಿನಲ್ಲಿ ಊರಿಗೆ ಕರೆದವಳು ನಾನು.

ಎಂ.ಎ. ಮೊದಲ ವರ್ಷದಲ್ಲಿದ್ದೆ. ಒಂದು ಸಂಬಂಧ ಬಂತು. ಹದಿನೆಂಟನೆಯ ತಾರೀಕು ಅವರು ಮಾತು ಗಟ್ಟಿ ಮಾಡಿಕೊಳ್ಳಲು ಬರುವುದೆಂದು ಆಯಿತು. ನನಗೆ ಬೇಡವಾಗಿತ್ತು. ಬೇಡ ಎಂಬ ಎರಡಕ್ಷರ ಅಪ್ಪನ ಎದುರು ನಿಂತು ಹೇಳಲು ನನ್ನಿಂದಾಗಲಿಲ್ಲ. ಹದಿನೆಂಟರೊಳಗೆ ಬಾ, ನೀನು ಬಾರದಿದ್ದರೆ ನನ್ನ ಓದು ಮುಗಿಯಿತು ಎಂದು ಅಣ್ಣನಿಗೆ ಬರೆದೆ. ಫೋನ್ ಮಾಡಿದ್ದರೆ ಅವನು ಕುಲುಮೆಯ ವಿಷಯ ಹೇಳುತ್ತಿದ್ದ. ನಾನು ತಾರೀಕನ್ನಾದರೂ ಮುಂದೆ ಹಾಕಿಸಬಹುದಿತ್ತು. ಪತ್ರದಲ್ಲಿ ಅವನಿಗೆ ಹಿಂತಿರುಗಿ ಕೇಳಲು ಸಮಯವೇ ಇರಲಿಲ್ಲ. ಅವನು ಹದಿನೇಳಕ್ಕೆ ಬಂದ. ಚಪ್ಪಲಿ ಕಳಚುವ ಮೊದಲೇ ಅಪ್ಪನ ಹತ್ತಿರ, "ಅವಳಿಗೆ ಈಗ ಬೇಡ. ನಾನು ಹೇಳ್ತಿದ್ದೇನೆ ಅಂತ ಅವರಿಗೆ ಹೇಳಿ" ಎಂದ. ಸಂಬಂಧ ಬಿಟ್ಟುಹೋಯಿತು. ನಾನು ಕರೆದದ್ದೆಂದು ಅವನು ಯಾರಿಗೂ ಹೇಳಲಿಲ್ಲ. ಮಗನಿಗೆ ಆ ಮನೆ ಹಿಡಿಸಲಿಲ್ಲವೆಂದೇ ಅಪ್ಪ ಈಗಲೂ ತಿಳಿದಿದ್ದಾರೆ.

ಆದ್ದರಿಂದ ಅದು ನಿಮ್ಮಿಂದ ಅಲ್ಲ.

ಅಪ್ಪನಿಗೆ ಪ್ರಬಂಧದ ವಿಷಯ ಹೇಳಿದೆ. ಮಾರ್ಚಿನದ್ದು ಹೇಳಲಿಲ್ಲ. ಅವರು ಒಣಗಿದ ರಬ್ಬರ್ ಶೀಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಕಸ ನೋಡುತ್ತಿದ್ದರು. ನಾನು ಹೇಳುವಷ್ಟು ಹೊತ್ತೂ ಒಂದೇ ಶೀಟನ್ನು ಹಿಡಿದುಕೊಂಡಿದ್ದರು. ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಒಳಗೆ ಕಸ ಉಳಿದರೆ ಏನಾಗುತ್ತದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತುಂಟು. "ಶಾಲು ವಾಪಸು ಕೊಡ್ಲಿಕ್ಕೆ ಉಂಟಾ?" ಎಂದು ಕೇಳಿದರು. ಬೇಡ ಎಂದೆ. ಶೀಟನ್ನು ಕೆಳಗಿಟ್ಟರು.

"ಹಾಗಾದ್ರೆ ಆರು ವರ್ಷ ಅವ ಅಲ್ಲಿ ಮಾಡಿದ್ದೆಂತ?"

ಅವರು ಟ್ಯಾಪಿಂಗ್ ಬಿಟ್ಟಿದ್ದಾರೆ. ಕಟ್ಟು ಹಾಕಿಸಿದ ಸನ್ಮಾನಪತ್ರ ಗೋಡೆಯಲ್ಲಿಲ್ಲ. ಎಲ್ಲಿಟ್ಟರೆಂದು ಅಮ್ಮ ಕೇಳಿಲ್ಲ, ನಾನೂ ಕೇಳಿಲ್ಲ. ಸಂಚಿಕೆಯ ಪುಟ ಹರಿದು ತೆಗೆಯಬಹುದೇ ಎಂದು ಮೊಯ್ದೀನ್ ಕಾಕನನ್ನು ವಿಚಾರಿಸಿದೆ. ಐನೂರೂ ಹಂಚಿ ಆಯಿತು ಎಂದರು.

ನನಗೆ ಬರೆಯಬೇಕೆಂದಿಲ್ಲ. ಅಪ್ಪನ ಪ್ರಶ್ನೆಗೆ ಮಾತ್ರ ಉತ್ತರವಿದ್ದರೆ ಒಂದು ಕಾರ್ಡಿನಲ್ಲಿ ಬರೆಯಿರಿ.

ದೀಪಶ್ರೀ

*

ಮುಂಬಯಿ
ಏಪ್ರಿಲ್ 17, 2025

ದೀಪಾ,

ನಿನ್ನ ಮೇಲೆ ಸಿಟ್ಟಿಲ್ಲವೆಂದು ಬರೆಯಲು ಮೂರು ಸಲ ಕೂತೆ. ಪ್ರತಿ ಸಲವೂ ಸುಳ್ಳೆನಿಸಿತು. ಸಿಟ್ಟಿದೆ. ಪ್ರಬಂಧ ಕಳುಹಿಸು ಎಂದಿದ್ದಕ್ಕಲ್ಲ, ನಾನೂ ಅದನ್ನು ಹತ್ತು ಸಲ ಯೋಚಿಸಿದವಳೇ. ಮಾರ್ಚ್ ಗೊತ್ತಿಲ್ಲ ಎಂದಿದ್ದಕ್ಕೆ. ಮೂರು ವಾರ ನಾನು ಅದನ್ನು ನನ್ನದೆಂದು ಹೊತ್ತುಕೊಂಡೆ. ಈಗ ಇಳಿಸಿದರೂ ಹೆಗಲು ಹಾಗೇ ಇದೆ. ನಮ್ಮ ಜಗಳದ ನಂತರ ಅವನು ಒಮ್ಮೆಯೂ ಆ ಮಾತೆತ್ತಲಿಲ್ಲ. ಸುಮ್ಮನಿದ್ದದ್ದು ಯಾಕೆಂದು ಇನ್ನು ಕೇಳಲು ಯಾರೂ ಇಲ್ಲ.

ತಂದೆಯವರ ಪ್ರಶ್ನೆಗೆ ಉತ್ತರ.

ಉಳಿದ ಹದಿನಾರು ಕುಪ್ಪಿಗಳ ಹರಳುಗಳನ್ನೂ ಈಗ ಕತ್ತರಿಸಿ, ತಿರುಗಿಸಿ, ಅಳೆದು ನೋಡಿದ್ದೇನೆ. ಒಂದರಲ್ಲೂ ಒಂದು ಹನಿ ಇಲ್ಲ. ಇಷ್ಟು ಶುದ್ಧವಾದ ಹರಳುಗಳನ್ನು ನಾನು ಬೇರೆ ಯಾರ ಕೈಯಿಂದಲೂ ನೋಡಿಲ್ಲ. ಅಲೆಗಳು ಬಹಳ ಸ್ಪಷ್ಟವಾಗಿವೆ. ಎಲ್ಲವೂ ಬೇರೆ ಊರುಗಳಲ್ಲಿ ಬೇರೆಯವರು ಇಪ್ಪತ್ತು ವರ್ಷ ಹಿಂದೆಯೇ ಕಂಡ ಭಾರದ ಇಲೆಕ್ಟ್ರಾನುಗಳವು. ಹೊಸತು ಏನೂ ಇಲ್ಲ. ಹೊಸತು ಇಲ್ಲದ್ದಕ್ಕೆ ಪಿಎಚ್.ಡಿ. ಇಲ್ಲ. ಅವನು ಆರು ವರ್ಷ ಮಾಡಿದ್ದು ಇದು.

ನನ್ನ ಕೆಲಸವೂ ಮೊದಲಿನಿಂದ ಶುರುವಾಗಬೇಕು. ಗೈಡ್ ನನ್ನ ಹತ್ತಿರ ಅಗತ್ಯಕ್ಕಷ್ಟೇ ಮಾತಾಡುತ್ತಾರೆ. ನಿತೇಶನ ಕಪಾಟು ಹೊಸ ವಿದ್ಯಾರ್ಥಿಗೆ ಬೇಕಂತೆ, ತಿಂಗಳೊಳಗೆ ಖಾಲಿ ಮಾಡಲು ಹೇಳಿದ್ದಾರೆ. ಹದಿನಾರು ಕುಪ್ಪಿಗಳನ್ನು ಬೇರೆಯವರ ಪ್ರಯೋಗಗಳಿಗೆ ಕೊಟ್ಟುಬಿಡಬಹುದು. ಹದಿನೇಳನೆಯದ್ದನ್ನು ಎಸೆಯಬೇಕು. ನಿಮಗೆ ನೆನಪಿಗೆ ಒಂದು ಕಳುಹಿಸಲೇ? ಶುದ್ಧವಾದದ್ದರಲ್ಲಿ ದೊಡ್ಡದನ್ನು ಆರಿಸುತ್ತೇನೆ.

ಜ್ಯೋತ್ಸ್ನಾ

*

ವಾಮದಪದವು
ಮೇ 6, 2025

ಜ್ಯೋತ್ಸ್ನಕ್ಕ,

ನಿಮ್ಮ ಉತ್ತರವನ್ನು ಅಪ್ಪನಿಗೆ ತುಳುವಿನಲ್ಲಿ ಹೇಳಿದೆ. ಹೊಸತು ಏನೂ ಇಲ್ಲ ಎಂಬುದನ್ನೂ ಬಿಡದೆ ಹೇಳಿದೆ. ಹದಿನಾರರಲ್ಲೂ ಕಸ ಇರಲಿಲ್ಲವಾ ಎಂದು ಕೇಳಿದರು. ಇರಲಿಲ್ಲ ಎಂದೆ. ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಹೇಳಿದೆ.

"ಮತ್ತೆ ಆ ಒಂದು ಯಾಕೆ ಹಾಗಾಯ್ತು?"

ಅಮ್ಮ ಅಕ್ಕಿ ಆರಿಸುತ್ತಿದ್ದರು. ಓಡಿಹೋಗಬೇಕೆಂದು ಅನಿಸಿತು. ಹೇಳಿದೆ. ಸಂಬಂಧ ಬೇಡವೆಂದವಳು ನಾನು, ಬರೆದು ಕರೆದವಳು ನಾನು, ಅವನು ಕುಲುಮೆ ಬೇಗ ಆರಿಸಿ ಬಂದದ್ದು ನನಗಾಗಿ. ನನ್ನ ಬಾಯಿಂದ ಅಪ್ಪನ ಎದುರು ಇಷ್ಟು ಮಾತು ಒಟ್ಟಿಗೆ ಬಂದದ್ದು ಅದೇ ಮೊದಲು. ಅಪ್ಪ ನನ್ನನ್ನು ನೋಡಲಿಲ್ಲ. ಎದ್ದು ತೋಟದ ಕಡೆ ಹೋದರು. ಆವತ್ತಿನಿಂದ ಇಂದಿಗೆ ಹನ್ನೊಂದು ದಿನ. ನನ್ನ ಹತ್ತಿರ ಒಂದು ಮಾತೂ ಆಡಿಲ್ಲ. ಚಾ ಇಟ್ಟರೆ ಕುಡಿಯುತ್ತಾರೆ. ನಾನು ಪ್ರೆಸ್ಸಿಗೆ ಹೊರಟಾಗ ಅಂಗಳದಲ್ಲಿದ್ದರೆ ಬೆನ್ನು ತಿರುಗಿಸುತ್ತಾರೆ. ಅಮ್ಮ, "ಅವರಿಗೆ ಸ್ವಲ್ಪ ದಿನ ಬೇಕು" ಎನ್ನುತ್ತಾರೆ. ಅಮ್ಮನೂ ನನ್ನ ಮುಖ ನೋಡಿ ಹೇಳುವುದಿಲ್ಲ.

ನಿಮ್ಮ ಸಿಟ್ಟನ್ನು ಬರೆದು ತಿಳಿಸಿದ್ದೀರಿ. ಇಲ್ಲಿ ಅಷ್ಟೂ ಇಲ್ಲ.

ನೆನಪಿಗೆ ಒಂದು ಹರಳು ಕಳುಹಿಸಲೇ ಎಂದು ಕೇಳಿದ್ದೀರಲ್ಲ, ಅದನ್ನು ಅಮ್ಮನ ಮೂಲಕ ಕೇಳಿಸಿದೆ. ಅಪ್ಪ ನಿನ್ನೆ ಬೆಳಿಗ್ಗೆ ಕೈ ತೊಳೆಯುತ್ತ ಅಮ್ಮನ ಹತ್ತಿರ ಹೇಳಿದರು. ನಾನು ಅಲ್ಲೇ ಎರಡು ಮಾರು ದೂರದಲ್ಲಿದ್ದೆ. ನನಗೆ ಕೇಳುತ್ತದೆಂದು ಅವರಿಗೆ ಗೊತ್ತಿತ್ತು.

"ಒಳ್ಳೆಯದ್ದು ಅಲ್ಲೇ ಇರ್ಲಿ, ಯಾರದಾದ್ರೂ ಕೆಲಸಕ್ಕೆ ಬೀಳ್ತದೆ. ಆ ಹಾಳಾದ್ದನ್ನು ಕಳಿಸ್ಲಿಕ್ಕೆ ಹೇಳು. ಅದು ನಮ್ಮ ಮನೆದ್ದು."

ಹರಳು ಎರಡು ತುಂಡಾಗಿದೆಯೆಂದು ಅಮ್ಮ ನೆನಪಿಸಿದರು. ಎರಡನ್ನೂ ಕಳುಹಿಸಲಿ ಎಂದರು. ಕಪಾಟು ಖಾಲಿ ಮಾಡುವ ಮೊದಲು ತೆಗೆದಿಡಿ. ರಿಜಿಸ್ಟರ್ಡ್ ಅಂಚೆಯಲ್ಲಿ ಅಪ್ಪನ ಹೆಸರಿಗೆ ಹಾಕಿ, ಅವರೇ ಸಹಿ ಹಾಕಿ ತೆಗೆದುಕೊಳ್ಳುತ್ತಾರಂತೆ.

ದೀಪಶ್ರೀ